ಆಮಿಶ್ ಮಾದರಿಯ ಕೋಳಿಗೂಡು: ಮೊಳೆ ಬೇಡವೇ? ಚಳಿಗೆ ಬಲ್ಬು ಬೇಕೇ?

ಪ್ರಶ್ನೆ: ನಾವು ಅಮೆರಿಕದ ಪೆನ್ಸಿಲ್ವೇನಿಯಾದ ಚೆಸ್ಟರ್ ಕೌಂಟಿಯಲ್ಲಿದ್ದೇವೆ. ಪಕ್ಕದ ಲ್ಯಾಂಕಾಸ್ಟರ್ ಕಡೆ ಹೋದಾಗಲೆಲ್ಲ ಆಮಿಶ್ ಜನ (ಹಳೆಯ ರೀತಿಯ ಸರಳ ಬದುಕು ನಡೆಸುವ ಕ್ರೈಸ್ತ ಪಂಗಡದವರು) ಕಟ್ಟಿದ ಕೊಟ್ಟಿಗೆ, ಕೋಳಿಗೂಡು ನೋಡಿ ಆಸೆಯಾಗುತ್ತದೆ. ಹಿತ್ತಿಲಲ್ಲಿ ಆರು ಹೇಂಟೆ ಸಾಕಲು ಅದೇ ರೀತಿ, ಮೊಳೆ ಹೊಡೆಯದೆ, ಮರಕ್ಕೆ ಮರ ಕೂಡಿಸಿಯೇ ಗೂಡು ಕಟ್ಟಬಹುದೇ? ಅಳತೆ ಎಷ್ಟಿರಬೇಕು, ಸಾಮಾನು ಎಷ್ಟು ಬೇಕು? ಊರಲ್ಲಿ ರಾತ್ರಿ ಬಿದಿರು ಮಂಕರಿ ಕವುಚಿದರೆ ಆಗುತ್ತಿತ್ತು. ಇಲ್ಲಿಯ ಹಿಮದಲ್ಲಿ ಬಿಸಿ ಬಲ್ಬು ಹಾಕಲೇಬೇಕೇ? ಮರಗೆಲಸ ಅಷ್ಟೇನೂ ಬರುವುದಿಲ್ಲ. ಗರಗಸ, ಡ್ರಿಲ್, ಎರಡು ಉಳಿ ಇವೆ.

ಉತ್ತರ: ಮೊದಲು ಮೊಳೆಯ ಮಾತು. ಆಮಿಶ್ ಬಡಗಿಗಳು ಮೊಳೆ ಮುಟ್ಟುವುದಿಲ್ಲ ಎಂಬುದು ಹೊರಗಿನವರು ಕಟ್ಟಿಕೊಂಡ ನಂಬಿಕೆ. ಹಳೆಯ ದೊಡ್ಡ ಕೊಟ್ಟಿಗೆಗಳ ಕಂಬ, ತೊಲೆಗಳನ್ನು ಒಂದರ ತುದಿಯನ್ನು ನಾಲಿಗೆಯಂತೆ ಕಡಿದು, ಅದು ಕೂರಲು ಇನ್ನೊಂದರಲ್ಲಿ ಗುಳಿ ಕೊರೆದು, ಓಕ್ ಮರದ ಗೂಟ ಬಡಿದು ಕೂಡಿಸಿದ್ದು ನಿಜ. ಆದರೆ ಅದೇ ಕೊಟ್ಟಿಗೆಗಳ ಗೋಡೆಯ ಹಲಗೆಗಳನ್ನು ಆಗಲೂ ಮೊಳೆಯಲ್ಲೇ ಹೊಡೆಯುತ್ತಿದ್ದರು. ಇವತ್ತು ಲ್ಯಾಂಕಾಸ್ಟರ್ ಸುತ್ತಿನ ಕಾರ್ಯಾಗಾರಗಳಲ್ಲಿ ಶೆಡ್ಡು, ಕೋಳಿಗೂಡುಗಳು ತಯಾರಾಗುವುದು ಗಾಳಿಯ ಒತ್ತಡದಿಂದ ನಡೆಯುವ ಮೊಳೆಗನ್ನಿನಿಂದ. ಡೀಸೆಲ್ ಎಂಜಿನ್ ಕಂಪ್ರೆಸರನ್ನು ತಿರುಗಿಸುತ್ತದೆ, ಕೊಳವೆಯಲ್ಲಿ ಬಂದ ಗಾಳಿ ಡ್ರಿಲ್ಲನ್ನೂ ಸ್ಯಾಂಡರನ್ನೂ ಓಡಿಸುತ್ತದೆ. ಅವರು ದೂರವಿಡುವುದು ಊರಿನ ವಿದ್ಯುತ್ ಜಾಲದ ಸಂಪರ್ಕವನ್ನು, ಯಂತ್ರವೆಂಬ ಯಂತ್ರವನ್ನೆಲ್ಲ ಅಲ್ಲ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಓರ್ಡ್ನುಂಗ್ ಎಂಬ ಅವರ ಕಟ್ಟುಪಾಡು ಹೇಳುತ್ತದೆ, ಅದು ಒಂದು ಚರ್ಚಿನ ಸಭೆಯಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆ. ಹಾಗಾಗಿ ನಿಮ್ಮ ಡ್ರಿಲ್ ಬಗ್ಗೆ ಸಂಕೋಚ ಬೇಡ.

ಅವರ ಕಟ್ಟಡಗಳಿಂದ ನೀವು ತೆಗೆದುಕೊಳ್ಳಬೇಕಾದ್ದು ಬೇರೆ: ನೀರು ಎಲ್ಲೂ ನಿಲ್ಲದಂತೆ, ಮರ ಹಿಗ್ಗಿ ಕುಗ್ಗಲು ಜಾಗ ಇರುವಂತೆ ಕಟ್ಟುವ ಕ್ರಮ. ನೆಲದಿಂದ ಎತ್ತಿದ ಅಡಿತೊಲೆ, ಲಂಬವಾಗಿ ಹೊಡೆದ ಹಲಗೆ, ಸಂದಿಯ ಮೇಲೆ ರೀಪು, ಮುಂದಕ್ಕೆ ಚಾಚಿದ ಸೂರು. ಇವೆಲ್ಲ ಚಂದಕ್ಕೆ ಬಂದವಲ್ಲ. ನಾಲ್ಕಡಿ ಅಗಲದ ಗೂಡಿಗೆ ಎಲ್ಲ ಕಡೆ ನಾಲಿಗೆ-ಗುಳಿ ಕಡಿಯುತ್ತ ಕುಳಿತರೆ ಎರಡು ತಿಂಗಳ ಶನಿವಾರಗಳು ಅಲ್ಲೇ ಹೋಗುತ್ತವೆ, ಕೋಳಿಗೆ ಅದರಿಂದ ಏನೂ ಸಿಗುವುದಿಲ್ಲ. ನನ್ನ ಸಲಹೆ: ಕಂಬ ಮತ್ತು ಮೇಲ್ತೊಲೆ ಸೇರುವ ನಾಲ್ಕು ಮೂಲೆಗಳಲ್ಲಿ ಮಾತ್ರ ಗೂಟದ ಬೆಸುಗೆ ಮಾಡಿ, ಉಳಿದ ಕಡೆ ಮೊಳೆ ಮತ್ತು ಸ್ಕ್ರೂ ಬಳಸಿ. ಉಳಿದ ಸಮಯವನ್ನು ಗಾಳಿಗಿಂಡಿಗೂ ಜಾಲರಿಗೂ ಕೊಡಿ. ಕೋಳಿಗಳು ಸಾಯುವುದು ಆ ಎರಡು ಕೆಟ್ಟಾಗ.

ಅಳತೆ. ಒಂದು ಹೇಂಟೆಗೆ ಒಳಗೆ 4 ಚದರ ಅಡಿ, ಹೊರಗಿನ ಜಾಲರಿ ಅಂಗಳದಲ್ಲಿ 8ರಿಂದ 10 ಚದರ ಅಡಿ ಎಂಬುದು ರೂಢಿಯ ಲೆಕ್ಕ. ಆರಕ್ಕೆ 24 ಚದರ ಅಡಿ ಸಾಕು. ಆದರೂ 4×8 ಅಡಿ, ಅಂದರೆ 32 ಚದರ ಅಡಿ ಮಾಡಿ. ಪ್ಲೈವುಡ್ ಹಾಳೆ ಬರುವುದೇ 4×8 ಅಡಿಯಲ್ಲಿ. ಕತ್ತರಿಸದೆ, ಜೋಡು ಇಲ್ಲದೆ ಇಡೀ ನೆಲ ಒಂದೇ ಹಾಳೆಯಲ್ಲಿ ಮುಗಿಯುತ್ತದೆ. ಜೋಡು ಇಲ್ಲದ ನೆಲದೊಳಗೆ ಹಿಕ್ಕೆಯ ನೀರು ಇಳಿಯುವುದಿಲ್ಲ. ಹಿಮ ಬಿದ್ದು ಕೋಳಿಗಳು ಮೂರು ದಿನ ಹೊರಗೆ ಕಾಲಿಡದಿದ್ದಾಗ ಆ ಹೆಚ್ಚಿನ ಎಂಟು ಚದರ ಅಡಿಯ ಬೆಲೆ ಗೊತ್ತಾಗುತ್ತದೆ. ಇಕ್ಕಟ್ಟಿನಲ್ಲಿ ಅವು ಒಂದರ ಪುಕ್ಕ ಇನ್ನೊಂದು ಕಿತ್ತುಕೊಳ್ಳತೊಡಗುತ್ತವೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಜಾಗದ ಬಳಕೆಯ ನಿಯಮ ನೋಡಿಕೊಳ್ಳುವ ನಿಮ್ಮ ಟೌನ್‌ಶಿಪ್‌ನ ಜೋನಿಂಗ್ ಕಚೇರಿಯಲ್ಲಿ ಮೂರು ವಿಷಯ ಕೇಳಿ: ಎಷ್ಟು ಕೋಳಿಗೆ ಅನುಮತಿ, ಹುಂಜ ಸಾಕಬಹುದೇ, ಗಡಿಯಿಂದ ಎಷ್ಟು ದೂರ ಬಿಡಬೇಕು. ಇದು ಊರೂರಿಗೆ ಬೇರೆ. ಬಡಾವಣೆಯ ಸಂಘವಿದ್ದರೆ ಅದರ ನಿಯಮ ಇನ್ನೂ ಬಿಗಿಯಾಗಿರಬಹುದು.

ಈಗ ಅಡಿಪಾಯ. 6×10 ಅಡಿ ಜಾಗದಲ್ಲಿ ಹುಲ್ಲಿನ ಮೇಲ್ಪದರ ಕೆತ್ತಿ, 4 ಇಂಚು ದಪ್ಪಕ್ಕೆ ಮುಕ್ಕಾಲು ಇಂಚಿನ ಜಲ್ಲಿ ಹರಡಿ. ಸುಮಾರು ಮುಕ್ಕಾಲು ಕ್ಯೂಬಿಕ್ ಯಾರ್ಡ್, ಅಂದರೆ ಒಂದು ಟನ್ನಿನಷ್ಟು ಬೇಕಾಗುತ್ತದೆ. ಜಲ್ಲಿಯ ಕೆಲಸ ನೀರನ್ನು ಕೆಳಗೆ ಬಿಡುವುದು, ಆದ್ದರಿಂದ ಪುಡಿ ಬೆರೆತದ್ದು ತರಬೇಡಿ. ಅದರ ಮೇಲೆ 8 ಇಂಚು ಎತ್ತರದ ಗಟ್ಟಿ ಕಾಂಕ್ರೀಟ್ ಬ್ಲಾಕು ಆರು, ಸಾಲಿಗೆ ಮೂರರಂತೆ. ರಸಮಟ್ಟ ಇಟ್ಟು ಸರಿಮಾಡಿದ ಮೇಲೆ ಎರಡು ಸಾಲಿಗೂ ಒಂದೊಂದು 4×4 ಇಂಚಿನ ಅಡಿತೊಲೆ, ಎಂಟಡಿ ಉದ್ದದ್ದು. ಸ್ಕಿಡ್ ಎಂದು ಕರೆಯುವ ಈ ತೊಲೆಗಳ ಮೇಲೆ ಕಟ್ಟಿದ್ದರಿಂದಲೇ ಅಲ್ಲಿಯವರ ಶೆಡ್ಡುಗಳನ್ನು ಟ್ರೇಲರ್ ಮೇಲೆ ಎಳೆದು ಮನೆಗೆ ತಂದಿಳಿಸಲು ಆಗುವುದು. ನಿಮ್ಮ ಗೂಡನ್ನೂ ಮುಂದೊಂದು ದಿನ ಬೇರೆ ಮೂಲೆಗೆ ಎಳೆಯಬಹುದು. ನೆಲ ಹೆಪ್ಪುಗಟ್ಟಿ ಉಬ್ಬಿದರೂ ಗೂಡು ಇಡಿಯಾಗಿ ಏರಿ ಇಳಿಯುತ್ತದೆ, ಬಿರುಕು ಬಿಡುವುದಿಲ್ಲ. ಗಾಳಿಗೆ ಉರುಳದಂತೆ ನಾಲ್ಕು ಮೂಲೆಗೂ ನೆಲಕ್ಕೆ ತಿರುಪುವ ಕಬ್ಬಿಣದ ಆಂಕರ್ ಹಾಕಿ.

ಬ್ಲಾಕಿನ ಎತ್ತರ ಹೆಚ್ಚಾಯಿತೆಂದು ತಗ್ಗಿಸಬೇಡಿ. ನೆಲಕ್ಕೂ ಗೂಡಿಗೂ ನಡುವೆ ಮೂರು ನಾಲ್ಕು ಇಂಚಷ್ಟೇ ಬಿಟ್ಟರೆ ಇಲಿಗಳಿಗೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ: ಮೇಲೆ ಕಾಳು, ಕೆಳಗೆ ಕತ್ತಲೆ. ಒಂದು ಅಡಿಯಷ್ಟು ತೆರೆದಿದ್ದರೆ ಬೆಳಕು, ಬೆಕ್ಕು, ನಿಮ್ಮ ಕಣ್ಣು ಮೂರೂ ಅಲ್ಲಿಗೆ ಹೋಗುತ್ತವೆ.

ಅಡಿತೊಲೆಗೆ ಮಾತ್ರ ಪ್ರೆಶರ್ ಟ್ರೀಟ್ ಮಾಡಿದ (ಕೊಳೆಯದಂತೆ ಒತ್ತಡದಲ್ಲಿ ರಾಸಾಯನಿಕ ಇಳಿಸಿದ), ನೆಲಕ್ಕೆ ತಾಗಲು ತಕ್ಕದ್ದೆಂದು ಚೀಟಿಯಿರುವ ಮರ ತನ್ನಿ. ಆರ್ಸೆನಿಕ್ ಇದ್ದ ಹಳೆಯ ಬಗೆಯನ್ನು ಮನೆಬಳಕೆಗೆ ತಯಾರಿಸುವುದು ಅಮೆರಿಕದಲ್ಲಿ 2003ರ ಕೊನೆಗೆ ನಿಂತಿತು. ಅದಕ್ಕೂ ಹಿಂದಿನ ಡೆಕ್ಕು ಕಿತ್ತ ಮರವನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಕೋಳಿಗೂಡಿಗೆ ಬೇಡ. ಈಗಿನದರಲ್ಲಿ ತಾಮ್ರದ ಅಂಶ ಜಾಸ್ತಿ, ಅದು ಸಾದಾ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ಅಲ್ಲಿಗೆ ಹಾಟ್-ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಸತುವಿನಲ್ಲಿ ಅದ್ದಿದ) ಇಲ್ಲವೇ ಸ್ಟೇನ್‌ಲೆಸ್ ಮೊಳೆಯೇ ಆಗಬೇಕು. ಹೊಳಪಿನ ತೆಳು ಸತುವಿನ ಲೇಪವೆಂದರೆ ಹಾಟ್-ಡಿಪ್ ಅಲ್ಲ. ಹಾಟ್-ಡಿಪ್ ಮೊಳೆ ಮಂಕಾಗಿ, ಕೈಗೆ ಒರಟಾಗಿ ಸಿಗುತ್ತದೆ.

ಅಡಿತೊಲೆ ಮೇಲೆ 2×4 ಇಂಚಿನ ಮರದ ಚೌಕಟ್ಟು. ಉದ್ದಕ್ಕೆ ಎರಡು ಎಂಟಡಿ ಮರ, ನಡುವೆ 45 ಇಂಚಿನ ಏಳು ಅಡ್ಡಮರ, ಮಧ್ಯದಿಂದ ಮಧ್ಯಕ್ಕೆ 16 ಇಂಚು. ಮೇಲೆ ಮುಕ್ಕಾಲು ಇಂಚಿನ ಹೊರಬಳಕೆಯ ಪ್ಲೈವುಡ್. ಅದರ ಮೇಲೆ ವಿನೈಲ್ ಹಾಳೆ ಅಂಟಿಸಿ, ಅಂಚನ್ನು ಗೋಡೆಯ ಮೇಲೆ 4 ಇಂಚು ಏರಿಸಿ. ವರ್ಷಕ್ಕೆರಡು ಸಲ ಗೂಡು ಬಳಿದು ತೊಳೆಯುವಾಗ ಇದರ ಉಪಕಾರ ತಿಳಿಯುತ್ತದೆ.

ಚೌಕಟ್ಟು ನಿಲ್ಲಿಸುವುದಕ್ಕೆ ಮುಂಚೆ ಮರದ ಅಳತೆಯ ಒಂದು ಗೊಂದಲ ಬಿಡಿಸಬೇಕು. ಅಂಗಡಿಯ 2×4 ಅಂದರೆ ನಿಜದಲ್ಲಿ 1½×3½ ಇಂಚು, ಅಲ್ಲಿಯ 4×4 ಅಂದರೆ 3½ ಇಂಚು. ಸಾಮಿಲ್ಲಿನಲ್ಲಿ ಸೀಳಿದ ಒರಟು ಮರ ತಂದರೆ 4×4 ಅಂದರೆ ಪೂರ್ತಿ 4 ಇಂಚು. ಎರಡನ್ನೂ ಬೆರೆಸಿ, ಲೆಕ್ಕ ಒಂದನ್ನೇ ಹಿಡಿದರೆ ಗೋಡೆ ಅರ್ಧ ಇಂಚು ಹೊರಗೋ ಒಳಗೋ ಹೋಗುತ್ತದೆ. ಕಂಬ, ಮೇಲ್ತೊಲೆ, ಗೋಡೆಹಲಗೆ ಸಾಮಿಲ್ಲಿನಿಂದ, ಉಳಿದ 2×4 ಅಂಗಡಿಯಿಂದ ತನ್ನಿ. ಕೆಳಗಿನ ಅಳತೆಗಳೆಲ್ಲ ಆ ಲೆಕ್ಕದವು.

ಗೂಡಿನ ಎಂಟಡಿ ಉದ್ದದ ಮುಖ ದಕ್ಷಿಣಕ್ಕಿರಲಿ. ಚಳಿಗಾಲದ ತಗ್ಗಿನ ಬಿಸಿಲು ಒಳಗೆ ಬೀಳುತ್ತದೆ. ಮುಂದಿನ ಗೋಡೆ 6 ಅಡಿ 6 ಇಂಚು, ಹಿಂದಿನದು 5 ಅಡಿ. ನಾಲ್ಕಡಿಗೆ 18 ಇಂಚು ಇಳಿಜಾರು ಸಿಗುತ್ತದೆ, ತಗಡಿನ ಸೂರಿಗೆ ಬೇಕಾದ್ದಕ್ಕಿಂತ ಚೆನ್ನಾಗಿಯೇ ಇದೆ. ಮೇಲ್ತೊಲೆಯ ದಪ್ಪ 4 ಇಂಚು ಕಳೆದು, ನಾಲಿಗೆಗೆ 2½ ಇಂಚು ಕೂಡಿಸಿದರೆ ಮುಂದಿನ ಕಂಬ 6 ಅಡಿ 4½ ಇಂಚು, ಹಿಂದಿನದು 4 ಅಡಿ 10½ ಇಂಚು. ಹಿಂದಿನ ಎರಡೂ ಕಂಬ ಒಂದೇ ಹತ್ತಡಿ ಮರದಲ್ಲಿ ಬರುತ್ತವೆ.

ಇಲ್ಲಿ ಬರುವುದು ನಿಮಗೆ ಆಸೆಯಿದ್ದ ಕೆಲಸ. ಕಂಬದ ತುದಿಯಲ್ಲಿ 1¼ ಇಂಚು ದಪ್ಪ, 2½ ಇಂಚು ಉದ್ದದ ನಾಲಿಗೆ ಕಡಿಯಿರಿ. ಮೇಲ್ತೊಲೆಯ ಅಡಿಯಲ್ಲಿ ಅದಕ್ಕೆ ಗುಳಿ ಕೊರೆಯಿರಿ, ಆಳ 2¾ ಇಂಚು. ಆ ಕಾಲು ಇಂಚು ಜಾಸ್ತಿ ಇರಲೇಬೇಕು. ನಾಲಿಗೆಯ ತುದಿ ಗುಳಿಯ ತಳಕ್ಕೆ ಮೊದಲೇ ತಾಗಿದರೆ ಕಂಬದ ಭುಜ (ನಾಲಿಗೆಯ ಬುಡದ ಮಟ್ಟಸವಾದ ಮೈ) ತೊಲೆಗೆ ಕೂರುವುದಿಲ್ಲ, ಭಾರವೆಲ್ಲ ನಾಲಿಗೆಯ ಮೇಲೆ ಬೀಳುತ್ತದೆ. ಗುಳಿಗೆ ಮೊದಲು ಡ್ರಿಲ್ಲಿನಿಂದ ಒಂದು ಇಂಚಿನ ತೂತುಗಳನ್ನು ಸಾಲಾಗಿ ಹೊಡೆದು, ಆಮೇಲೆ ಉಳಿಯಿಂದ ಅದರ ಬದಿ ನೇರ ಮಾಡಿದರೆ ಕೆಲಸ ಬೇಗ ಸಾಗುತ್ತದೆ. ನಾಲಿಗೆ ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಉಳಿದರ್ಧ ಕೊಡತಿಯ ಹಗುರ ಏಟಿಗೆ. ಸುತ್ತಿಗೆಯಿಂದ ಬಡಿದು ಇಳಿಸುವಷ್ಟು ಬಿಗಿಯಾದರೆ ತೊಲೆ ಸೀಳುತ್ತದೆ.

ಗೂಟದ ತೂತಿನಲ್ಲಿ ಹಳೆಯ ಬಡಗಿಗಳ ಜಾಣ್ಮೆಯೊಂದಿದೆ. ತೊಲೆಯ ತೂತು ಮತ್ತು ನಾಲಿಗೆಯ ತೂತು ಒಂದೇ ಗೆರೆಯಲ್ಲಿ ಇರುವುದಿಲ್ಲ. ತೊಲೆಯಲ್ಲಿ, ಭುಜ ಕೂರುವ ಅಂಚಿನಿಂದ 1 ಇಂಚಿಗೆ, ಅರ್ಧ ಇಂಚಿನ ತೂತು ಹೊಡೆಯಿರಿ. ನಾಲಿಗೆ ತೂರಿಸಿ, ಡ್ರಿಲ್ ಬಿಟ್ಟಿನ ತುದಿಯಿಂದ ನಾಲಿಗೆಯ ಮೇಲೆ ಗುರುತು ಮಾಡಿ, ಹೊರಗೆ ತೆಗೆದು, ಆ ಗುರುತಿಗಿಂತ ಭುಜದ ಕಡೆಗೆ ಸರಿಸಿ ನಾಲಿಗೆಯ ತೂತು ಹೊಡೆಯಿರಿ. ಸರಿಸಬೇಕಾದ್ದು ಓಕ್ ಆದರೆ ಒಂದಿಂಚಿನ ಹದಿನಾರನೇ ಒಂದು ಭಾಗ, ಪೈನ್ ಅಥವಾ ಹೆಮ್ಲಾಕ್ ಆದರೆ ಎಂಟನೇ ಒಂದು ಭಾಗ. ತುದಿ ಚೂಪು ಮಾಡಿದ ಗೂಟ ಬಡಿದಾಗ ಅದು ಬಾಗುತ್ತ ಒಳಹೊಕ್ಕು ಕಂಬವನ್ನು ತೊಲೆಯೊಳಕ್ಕೆ ಎಳೆದುಕೊಳ್ಳುತ್ತದೆ. ಗೋಂದು ಬೇಡ. ಗುರುತಿನ ಆಚೆ ಬದಿಗೆ ಸರಿಸಿಬಿಟ್ಟರೆ ಗೂಟ ಬೆಸುಗೆಯನ್ನು ಬಿಡಿಸುತ್ತದೆ. ಹೊಸಬರ ಕೈಯಲ್ಲಿ ಬಹಳ ಸಲ ಆಗುವುದು ಇದೇ. ಮೊದಲು ಚೂರು ಮರದಲ್ಲಿ ಒಂದು ಮಾಡಿ ನೋಡಿ.

ಗೂಟ ಒಣ ಬಿಳಿ ಓಕಿನದ್ದಾಗಿರಲಿ, ಗರಗಸದಲ್ಲಿ ಕೊಯ್ದದ್ದಲ್ಲ, ಎಳೆಗುಂಟ ಸೀಳಿದ್ದು. ಕೊಯ್ದ ಗೂಟದಲ್ಲಿ ಎಳೆ ಅಡ್ಡ ಹಾದು ಬಾಗುವ ಕಡೆ ಮುರಿಯುತ್ತದೆ. ಕಂಬ ಸ್ವಲ್ಪ ಹಸಿಯಿದ್ದರೂ ಅಡ್ಡಿಯಿಲ್ಲ. ಗೂಟ ಮಾತ್ರ ಒಣಗಿರಬೇಕು. ಹಸಿ ಮರ ಒಣಗುತ್ತ ಒಣ ಗೂಟವನ್ನು ಹಿಡಿದುಕೊಳ್ಳುತ್ತದೆ.

ಕಂಬಗಳ ನಡುವೆ ಅಡ್ಡಕ್ಕೆ 2×4 ಪಟ್ಟಿ ಬೇಕು, ಲಂಬ ಹಲಗೆಗೆ ಮೊಳೆ ಹೊಡೆಯಲು. ಹಿಂದಿನ ಗೋಡೆಗೆ ಒಂದು, ಉಳಿದ ಮೂರಕ್ಕೆ ಎರಡೆರಡು. ಕಂಬದಲ್ಲಿ 1½ ಇಂಚು ಆಳಕ್ಕೆ ಕಚ್ಚು ಕಡಿದು ಪಟ್ಟಿಯನ್ನು ಕಂಬದ ಹೊರಮೈಗೆ ಸಮನಾಗಿ ಕೂರಿಸಿ, ಎರಡೆರಡು ಸ್ಕ್ರೂ ಹಾಕಿ. ಕಂಬದ ಬುಡವನ್ನು ನೆಲದ ಚೌಕಟ್ಟಿಗೆ ಕಬ್ಬಿಣದ ಎಲ್-ಪಟ್ಟಿಯಲ್ಲಿ ಬಿಗಿಯಿರಿ.

ಇನ್ನೊಂದನ್ನು ಅನೇಕರು ಬಿಟ್ಟುಬಿಡುತ್ತಾರೆ. ಪ್ಲೈವುಡ್ ಗೋಡೆ ತಾನೇ ಚೌಕಟ್ಟನ್ನು ನೇರ ಹಿಡಿಯುತ್ತದೆ. ಬಿಡಿ ಹಲಗೆಯ ಗೋಡೆ ಹಿಡಿಯುವುದಿಲ್ಲ. ಪ್ರತಿ ಹಲಗೆ ತನ್ನ ಮೊಳೆಯ ಸುತ್ತ ತಿರುಗಬಲ್ಲದು, ಎರಡು ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಗೂಡು ಒಂದು ಕಡೆ ವಾಲಿ ಬಾಗಿಲು ಮುಚ್ಚದಂತಾಗುತ್ತದೆ. ಅದಕ್ಕೆ ಪ್ರತಿ ಗೋಡೆಯ ಒಳಬದಿಗೆ, ಅಡ್ಡಪಟ್ಟಿಗಳ ಮೇಲೆ ಹಾದುಹೋಗುವಂತೆ, 1×4 ಮರವನ್ನು ಓರೆಯಾಗಿ ಹಾಕಿ ಪ್ರತಿ ಪಟ್ಟಿಗೂ ಎರಡು ಸ್ಕ್ರೂ ಬಿಗಿಯಿರಿ. ಮುಂದಿನ ಗೋಡೆಯಲ್ಲಿ ಬಾಗಿಲು, ಕಿಟಕಿ ಅಡ್ಡ ಬರುವುದರಿಂದ ಅಲ್ಲಿ ಕಂಬಕ್ಕೂ ಮೇಲ್ತೊಲೆಗೂ ಎರಡಡಿ ಉದ್ದದ ಓರೆಗಟ್ಟು ಸಾಕು.

ಗೋಡೆಗೆ ಒಂದಿಂಚು ದಪ್ಪ, ಹತ್ತಿಂಚು ಅಗಲದ ಒರಟು ಬಿಳಿ ಪೈನ್ ಹಲಗೆ. ಒಟ್ಟು ಗೋಡೆ ಸುಮಾರು 138 ಚದರ ಅಡಿ. ಕಡಿತ, ಗಂಟು, ಕೆಳಗೆ ಇಳಿಬಿಡುವ ಎರಡಿಂಚು ಸೇರಿಸಿ 170 ಬೋರ್ಡ್ ಫುಟ್ ಕೇಳಿ. ಒಂದಿಂಚು ದಪ್ಪದ ಹಲಗೆಯಲ್ಲಿ ಒಂದು ಚದರ ಅಡಿ ಅಂದರೆ ಒಂದು ಬೋರ್ಡ್ ಫುಟ್, ಲೆಕ್ಕ ಅಷ್ಟೇ. ಜೊತೆಗೆ 1×3 ರೀಪು 170 ಅಡಿ ಉದ್ದ.

ಮೊಳೆ ಎಲ್ಲಿ ಹೊಡೆಯುತ್ತೀರಿ ಎಂಬುದರ ಮೇಲೆ ಈ ಗೋಡೆಯ ಆಯುಷ್ಯ ನಿಂತಿದೆ. ಸೀಳಿ ತಂದ ಹಸಿ ಪೈನ್ ಹಲಗೆ ಒಣಗುವಾಗ ಅಗಲದಲ್ಲಿ ಕಾಲು ಇಂಚು, ಕೆಲವೊಮ್ಮೆ ಇನ್ನೂ ಹೆಚ್ಚು ಕುಗ್ಗುತ್ತದೆ. ಒಣಗಿದ ಮೇಲೂ ಬೇಸಿಗೆಯ ತೇವಕ್ಕೆ ಹಿಗ್ಗುತ್ತದೆ, ಚಳಿಗಾಲಕ್ಕೆ ಕುಗ್ಗುತ್ತದೆ. ಅದರ ಎರಡೂ ಅಂಚಿಗೆ ಮೊಳೆ ಹೊಡೆದು ಕಟ್ಟಿಹಾಕಿದರೆ ನಡುವೆ ಸೀಳದೆ ಬೇರೆ ದಾರಿಯೇ ಇಲ್ಲ. ಆದ್ದರಿಂದ ಪ್ರತಿ ಅಡ್ಡಪಟ್ಟಿಯ ಎದುರು, ಹಲಗೆಯ ನಡುಮಧ್ಯೆ ಒಂದೇ ಮೊಳೆ. ಒಣ ಹಲಗೆಯಾದರೆ ಎರಡರ ನಡುವೆ ಕಾಲಿಂದ ಅರ್ಧ ಇಂಚು ಸಂದಿ ಬಿಡಿ. ಹಸಿಯಾದರೆ ಒತ್ತೊತ್ತಾಗಿ ಕೂರಿಸಿ, ಸಂದಿ ತಾನೇ ಬೀಳುತ್ತದೆ. ಸಂದಿಯ ಮೇಲೆ ಬರುವ ರೀಪಿನ ಮೊಳೆ ಹಲಗೆಗೆ ತಾಗಕೂಡದು: ಸಂದಿಯ ಮಧ್ಯೆ ಹಾದು ನೇರ ಅಡ್ಡಪಟ್ಟಿಗೆ ಇಳಿಯಬೇಕು. ಆಗ ರೀಪು ಹಲಗೆಯ ಎರಡು ಅಂಚನ್ನೂ ಒತ್ತಿಹಿಡಿಯುತ್ತದೆ, ಹಲಗೆ ಅದರಡಿಯಲ್ಲಿ ಆಚೀಚೆ ಸರಿಯುತ್ತದೆ. ಹಸಿ ಹಲಗೆ ಹೊಡೆದಿದ್ದರೆ ರೀಪನ್ನು ಒಂದು ತಿಂಗಳು ಬಿಟ್ಟು ಹೊಡೆಯಿರಿ. ಹಲಗೆಗೂ ರೀಪಿಗೂ ಉಂಗುರ ಗೀರಿದ ಹಾಟ್-ಡಿಪ್ ಮೊಳೆ ತನ್ನಿ, ನುಣುಪು ಮೊಳೆ ಹಲಗೆಯ ಆಟಕ್ಕೆ ಮೆಲ್ಲಗೆ ಹೊರಬರುತ್ತದೆ. ಹಲಗೆಯ ಕೆಳತುದಿ ನೆಲದ ಪ್ಲೈವುಡ್ಡಿಗಿಂತ ಕನಿಷ್ಠ ಎರಡಿಂಚು ಕೆಳಗಿಳಿದಿರಲಿ. ಗೋಡೆಯಿಂದ ಇಳಿದ ಮಳೆನೀರು ಪ್ಲೈವುಡ್ಡಿನ ಅಂಚಿಗೆ ತಾಗದೆ ಹೊರಗೆ ತೊಟ್ಟಿಕ್ಕುತ್ತದೆ.

ಬಣ್ಣ ಬಳಿಯದೆ ಬಿಟ್ಟರೂ ಬಿಳಿ ಪೈನ್ ಬೂದುಬಣ್ಣಕ್ಕೆ ತಿರುಗಿ ಬಹುಕಾಲ ಬಾಳುತ್ತದೆ, ನೆಲದ ತೇವ ತಾಗದಿದ್ದರೆ. ಬಣ್ಣ ಬೇಕೆಂದರೆ ಹಲಗೆ ಒಣಗಿದ ಮೇಲೆ ಸ್ಟೇನ್ (ಮರದೊಳಗೆ ಇಳಿಯುವ ತೆಳು ಬಣ್ಣ) ಹಚ್ಚಿ, ಒರಟು ಮೈ ಅದನ್ನು ಚೆನ್ನಾಗಿ ಹೀರುತ್ತದೆ. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನೇ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರವಿ ಒಣಗಿಸಿ.

ಸೂರಿಗೆ 2×4 ಜಂತಿ ಐದು, ಎರಡಡಿಗೊಂದರಂತೆ, ಉದ್ದ 6 ಅಡಿ 1 ಇಂಚು. ಮುಂದೆ 12 ಇಂಚು, ಹಿಂದೆ 8 ಇಂಚು ಚಾಚು ಬರುತ್ತದೆ. ಅವುಗಳ ಮೇಲೆ 9 ಅಡಿ ಉದ್ದದ ಅಡ್ಡಮರ ನಾಲ್ಕು, ಎರಡೂ ಪಕ್ಕಕ್ಕೆ ಆರಾರು ಇಂಚು ಹೊರಚಾಚಿ. 36 ಇಂಚು ಮುಚ್ಚುವ ತಗಡು ಮೂರು, ಉದ್ದ 6 ಅಡಿ 3 ಇಂಚು ಎಂದು ಹೇಳಿ ಕತ್ತರಿಸಿ ತರಿಸಿದರೆ ಒಂಬತ್ತಡಿ ಸರಿಯಾಗಿ ಮುಚ್ಚುತ್ತದೆ. ಅಡಿಯಲ್ಲಿ ನಾರಿನ ಪದರ ಅಂಟಿಸಿದ ತಗಡು ಸಿಗುತ್ತದೆ, ಅದನ್ನೇ ಕೇಳಿ. ಬರಿಯ ತಗಡಾದರೆ ರಾತ್ರಿ ಕೋಳಿಗಳ ಉಸಿರಿನ ತೇವ ಅದರಡಿ ಮಂಜುಗಟ್ಟಿ, ಬೆಳಿಗ್ಗೆ ಬಿಸಿಲಿಗೆ ಕರಗಿ ಹನಿಹನಿಯಾಗಿ ಹಾಸಿನ ಮೇಲೆ ಬೀಳುತ್ತದೆ. ಸೂರು ಸೋರುತ್ತಿದೆ ಎಂದುಕೊಂಡು ಜನ ಹೊರಗಿನಿಂದ ಸೀಲಂಟ್ ಹಚ್ಚುತ್ತ ಹೋಗುತ್ತಾರೆ.

ಚಳಿಯ ಪ್ರಶ್ನೆಗೂ ಉತ್ತರ ಈ ತೇವದಲ್ಲೇ ಇದೆ. ಬಲ್ಬು ಬೇಡ. ಪುಕ್ಕ ತುಂಬಿದ ದೊಡ್ಡ ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ಪುಕ್ಕ ಉಬ್ಬಿಸಿ ಕುಳಿತರೆ ನಿಮ್ಮ ಕಡೆಯ ಚಳಿಗಾಲವನ್ನು ಸುಲಭವಾಗಿ ತಾಳುತ್ತದೆ. ಅದರ ಜುಟ್ಟಿಗೆ ಹಿಮಕಡಿತವಾಗುವುದು ಬಹುಪಾಲು ಒಣ ಚಳಿಯಿಂದಲ್ಲ, ಒಳಗೆ ಸಿಕ್ಕಿಕೊಂಡ ಒದ್ದೆ ಗಾಳಿಯಿಂದ. ಒಂದು ಹೇಂಟೆ ದಿನಕ್ಕೆ ಕಾಲು ಪೌಂಡಿನಷ್ಟು ಹಿಕ್ಕೆ ಹಾಕುತ್ತದೆ, ಅದರ ಮುಕ್ಕಾಲು ಪಾಲು ನೀರು. ಉಸಿರಿನ ತೇವ ಬೇರೆ. ಬೆಚ್ಚಗಿರಲೆಂದು ಸಂದಿಗೊಂದಿಯನ್ನೆಲ್ಲ ಮುಚ್ಚಿದ ಗೂಡಿನಲ್ಲಿ ಆ ನೀರು ಜುಟ್ಟಿನ ಮೇಲೆ ಕೂತು ಹೆಪ್ಪುಗಟ್ಟುತ್ತದೆ, ಅಮೋನಿಯಾ ಕಣ್ಣು, ಶ್ವಾಸನಾಳವನ್ನು ಸುಡುತ್ತದೆ. ಅತ್ತ 250 ವ್ಯಾಟಿನ ಬಿಸಿ ಬಲ್ಬು, ಒಣ ಮರದ ಸಿಪ್ಪೆ, ಹಾರಾಡುವ ಕೋಳಿ, ದೂಳು ಒಂದೇ ಕೋಣೆಯಲ್ಲಿ ಸೇರಿದರೆ ಬೆಂಕಿಗೆ ಇನ್ನೇನೂ ಬೇಕಿಲ್ಲ. ಅಮೆರಿಕದಲ್ಲಿ ಕೋಳಿಗೂಡುಗಳು ಹೊತ್ತಿ ಉರಿಯುವುದಕ್ಕೆ ಈ ಬಲ್ಬು ಚಿರಪರಿಚಿತ ಕಾರಣ. ಕರೆಂಟು ಎಳೆಯುವುದಿದ್ದರೆ ನೀರಿನ ಪಾತ್ರೆ ಹೆಪ್ಪುಗಟ್ಟದಂತೆ ಇಡುವ ಬಿಸಿತಟ್ಟೆಗೆ ಎಳೆಯಿರಿ, ಅದೂ ಹೊರಬಳಕೆಯ ಸುರಕ್ಷಿತ ಪ್ಲಗ್ಗಿನಿಂದ. ತಳಿ ಆರಿಸುವಾಗ ವಯಾಂಡಾಟ್‌ನಂತೆ ಜುಟ್ಟು ಚಿಕ್ಕದಾಗಿ ತಲೆಗೆ ಅಂಟಿಕೊಂಡಿರುವುದನ್ನು ನೋಡಿ.

ಗಾಳಿಗಿಂಡಿ ಕೋಳಿಗೊಂದು ಚದರ ಅಡಿ ಎಂದಿಟ್ಟುಕೊಳ್ಳಿ. ಜಂತಿ ಮೇಲ್ತೊಲೆಯ ಮೇಲೆ ಕೂತಾಗ ತೊಲೆಗೂ ತಗಡಿಗೂ ನಡುವೆ ಸುಮಾರು ಮೂರಿಂಚು ಸಂದಿ ಉಳಿಯುತ್ತದೆ. ಅದನ್ನು ಮುಚ್ಚಬೇಡಿ, ಜಾಲರಿ ಮಾತ್ರ ಹೊಡೆಯಿರಿ. ಎಂಟಡಿ ಉದ್ದಕ್ಕೆ ಹಿಂದೆ ಮುಂದೆ ಸೇರಿ ಮೂರೂವರೆ ಚದರ ಅಡಿಗಿಂತ ತುಸು ಹೆಚ್ಚೇ ಸಿಗುತ್ತದೆ. ಪಕ್ಕದ ಗೋಡೆಗಳಲ್ಲಿ, ನೆಲದಿಂದ ನಾಲ್ಕೂವರೆ ಅಡಿ ಮೇಲೆ, 12×18 ಇಂಚಿನ ಗಿಂಡಿ ಒಂದೊಂದು, ಮುಚ್ಚಳದ ಸಮೇತ. ಒಟ್ಟು ಆರೂವರೆ ಚದರ ಅಡಿ. ಬೇಸಿಗೆಗೆ ಮುಂದಿನ ಗೋಡೆಯಲ್ಲಿ 3×2 ಅಡಿ ಕಿಟಕಿ. ಕೋಳಿ ಮಲಗುವ ಅಡ್ಡೆ ನೆಲದಿಂದ 30 ಇಂಚು ಎತ್ತರದಲ್ಲಿದ್ದರೆ ಅದರ ತಲೆಗೂ ಗಿಂಡಿಗೂ ನಡುವೆ ಹತ್ತಿರ ಹತ್ತಿರ ಒಂದಡಿ ಅಂತರವಿರುತ್ತದೆ. ಗಾಳಿ ತಲೆಯ ಮೇಲೆ ಹಾದುಹೋಗಬೇಕು, ಮೈಮೇಲೆ ಬೀಸಬಾರದು. ಹಿಮಗಾಳಿಯ ದಿನ ಗಾಳಿ ಬೀಸುವ ಕಡೆಯ ಪಕ್ಕದ ಗಿಂಡಿ ಮುಚ್ಚಿ, ಸೂರಿನಡಿಯ ಸಂದಿಯನ್ನು ಎಂದೂ ಮುಚ್ಚಬೇಡಿ.

ಅಡ್ಡೆಗೆ 2×4 ಮರವನ್ನು ಅಗಲದ ಮೈ ಮೇಲಾಗಿ ಹಾಕಿ. ದುಂಡು ಕೋಲಿಗಿಂತ ಇದು ಒಳ್ಳೆಯದು, ಕೋಳಿ ಕೂತಾಗ ಹೊಟ್ಟೆಯ ಪುಕ್ಕ ಬೆರಳುಗಳನ್ನು ಪೂರ್ತಿ ಮುಚ್ಚುತ್ತದೆ. ಕೋಳಿಗೆ ಹತ್ತಿಂಚಿನಂತೆ ಐದಡಿ ಸಾಕು. ಹಿಂದಿನ ಗೋಡೆಯಿಂದ ಒಂದಡಿ ದೂರ ಇರಲಿ. ಅದರ ಕೆಳಗೆ ಹಿಕ್ಕೆ ಬೀಳಲು 20 ಇಂಚು ಅಗಲದ ಹಲಗೆ ಇಟ್ಟು ದಿನ ಬಿಟ್ಟು ದಿನ ಕೆರೆದು ತೆಗೆದರೆ ಗೂಡಿನ ಅರ್ಧ ತೇವ ಹೊರಗೆ ಹೋದಂತೆ. ಮೊಟ್ಟೆ ಪೆಟ್ಟಿಗೆ ಎರಡು, ಪ್ರತಿ ಬದಿಗೂ ಒಂದಡಿ, ನೆಲದಿಂದ 18 ಇಂಚು ಮೇಲೆ, ಹೊಸ್ತಿಲು 4 ಇಂಚು. ಪೆಟ್ಟಿಗೆ ಯಾವಾಗಲೂ ಅಡ್ಡೆಗಿಂತ ತಗ್ಗಿನಲ್ಲಿರಬೇಕು. ಕೋಳಿ ಎತ್ತರದ ಜಾಗ ಹುಡುಕಿ ಮಲಗುತ್ತದೆ, ಪೆಟ್ಟಿಗೆ ಮೇಲಿದ್ದರೆ ಮೊಟ್ಟೆಯೆಲ್ಲ ಹಿಕ್ಕೆಮಯ. ಪೆಟ್ಟಿಗೆಯನ್ನು ಗೋಡೆಯ ಹೊರಗೆ ಚಾಚಿದರೆ ಮುಚ್ಚಳದ ಕೀಲಿನಲ್ಲಿ ನೀರು ಇಳಿಯುತ್ತದೆ. ಸೈಕಲ್ ಟ್ಯೂಬು ಸೀಳಿ ಕೀಲಿನ ಮೇಲೆ ಪಟ್ಟಿ ಹೊಡೆದರೆ ನಿಲ್ಲುತ್ತದೆ. ನೆಲದ ಹಾಸಿಗೆ ಪೈನ್ ಮರದ ಹತ್ತರಿ ಸಿಪ್ಪೆ ನಾಲ್ಕರಿಂದ ಆರಿಂಚು. ಸೀಡರ್ ಸಿಪ್ಪೆಯ ಘಾಟು ಉಸಿರಿಗೆ ಒಳ್ಳೆಯದಲ್ಲ.

ನೀವು ಒಳಹೋಗುವ ಬಾಗಿಲು 2 ಅಡಿ 4 ಇಂಚು ಅಗಲ. ಹಿಂಬದಿಗೆ ಎರಡು ಅಡ್ಡಪಟ್ಟಿ, ನಡುವೆ ಒಂದು ಓರೆಪಟ್ಟಿ. ಓರೆಪಟ್ಟಿಯ ಕೆಳತುದಿ ಕೀಲಿನ ಕಡೆ, ಮೇಲ್ತುದಿ ಚಿಲಕದ ಕಡೆ ಇರಬೇಕು, ಆಗ ಬಾಗಿಲಿನ ಭಾರ ಅದರ ಮೂಲಕ ಕೆಳಗಿನ ಕೀಲಿಗೆ ಇಳಿಯುತ್ತದೆ. ತಿರುಗುಮುರುಗಾದರೆ ಬಾಗಿಲು ಒಂದೇ ವರ್ಷಕ್ಕೆ ಜೋಲುತ್ತದೆ. ಕೋಳಿಬಾಗಿಲು 12 ಇಂಚು ಅಗಲ, 14 ಎತ್ತರ, ಒಳಗಿನ ಸಿಪ್ಪೆ ಹೊರಚೆಲ್ಲದಂತೆ ನೆಲದಿಂದ 8 ಇಂಚು ಮೇಲೆ.

ಕೊನೆಗೆ ಶತ್ರುಗಳು. ಷಟ್ಕೋನ ಕಣ್ಣಿನ ತೆಳು ಚಿಕನ್ ಮೆಶ್ ಕೋಳಿಯನ್ನು ಒಳಗಿಡುತ್ತದೆ, ರಕೂನ್ ಎಂಬ, ಕೈಯಂಥ ಮುಂಗಾಲಿನ ಕಾಡುಪ್ರಾಣಿಯನ್ನು ಹೊರಗಿಡುವುದಿಲ್ಲ. ಅದು ಕೈಯಲ್ಲೇ ಹರಿದುಹಾಕುತ್ತದೆ. ಬೇಕಾದ್ದು ಹಾರ್ಡ್‌ವೇರ್ ಕ್ಲಾತ್ ಎಂಬ ಬೆಸುಗೆ ಜಾಲರಿ, ಅರ್ಧ ಇಂಚಿನ ಕಣ್ಣು, 19 ಗೇಜು. ವೀಸಲ್ ಎಂಬ ಮುಂಗುಸಿಯಂಥ ಚಿಕ್ಕ ಪ್ರಾಣಿ ಒಂದಿಂಚಿನ ಕಿಂಡಿಯಲ್ಲೂ ತೂರಿಬಂದು ಒಂದೇ ರಾತ್ರಿ ಎಲ್ಲ ಕೋಳಿಗಳನ್ನೂ ಕೊಲ್ಲಬಲ್ಲದು. ಜಾಲರಿಗೆ ಬರಿಯ ಸ್ಟೇಪಲ್ ಸಾಲದು, ಅಂಚಿನ ಮೇಲೆ ಪಟ್ಟಿಮರ ಇಟ್ಟು ಆರಿಂಚಿಗೊಂದು ಸ್ಕ್ರೂ ಹಾಕಿ. ಚಿಲಕ ಎರಡು ಬೇರೆ ಬೇರೆ ಚಲನೆ ಬೇಡುವಂಥದ್ದಾಗಿರಲಿ. ಕೊಕ್ಕೆ, ಸಾದಾ ಅಗುಳಿಗಳನ್ನು ರಕೂನ್ ತೆಗೆಯುತ್ತದೆ. ಮೇಲೆ ಸರಿಯುವ ಕೋಳಿಬಾಗಿಲನ್ನೂ ಎತ್ತುತ್ತದೆ, ಅದಕ್ಕೂ ಚಿಲಕ ಬೇಕು.

ಅಂಗಳವನ್ನು ಗೂಡಿನ ಪಕ್ಕಕ್ಕೆ 10×8 ಅಡಿ ಕಟ್ಟಿ. ಹಿಂದೆ 5, ಮುಂದೆ 7 ಅಡಿ ಎತ್ತರ, ಮೇಲೆ ತಗಡು. ಜಾಲರಿಯ ಸೂರು ಅಗ್ಗವೆನಿಸಿದರೂ ಅರ್ಧ ಇಂಚಿನ ಕಣ್ಣಿನಲ್ಲಿ ಒದ್ದೆ ಹಿಮ ಕಟ್ಟಿಕೊಂಡು ಇಡೀ ಅಂಗಳ ಕುಸಿಯುತ್ತದೆ. 2022ರಲ್ಲಿ ಲ್ಯಾಂಕಾಸ್ಟರ್ ಕೌಂಟಿಯ ಕೋಳಿ ಫಾರಂಗಳಿಗೆ ಹಕ್ಕಿಜ್ವರ ಬಂದ ಮೇಲಂತೂ ಕಾಡುಹಕ್ಕಿಗಳ ಹಿಕ್ಕೆ ಒಳಬೀಳದಂತೆ ಮುಚ್ಚಿದ ಸೂರೇ ಸರಿ. ಮೂರು ಬದಿ ಮತ್ತು ಗೂಡು ಬಿಟ್ಟುಳಿದ ನಾಲ್ಕಡಿ ಸೇರಿ ಸುತ್ತಳತೆ 32 ಅಡಿ. ನಾಲ್ಕಡಿ ಅಗಲದ ಜಾಲರಿಯ ಒಂದು ಸಾಲನ್ನು ಅರ್ಧಕ್ಕೆ ಮಡಚಿ ಎರಡಡಿ ಹೊರಗೆ ನೆಲದ ಮೇಲೆ ಹಾಸಿ, ಎರಡಡಿ ಮೇಲೇರಿಸಿ. ಇನ್ನೊಂದು ಸಾಲು ಅದರ ಮೇಲೆ. ಮುಂದಿನ ಬದಿಯಲ್ಲಿ ಮೇಲೆ ಉಳಿಯುವ ಒಂದಡಿ ಚಿಲ್ಲರೆಗೆ ಹಲಗೆ ಹೊಡೆಯಿರಿ. ನರಿ ಬೇಲಿಯ ಬುಡದಲ್ಲೇ ತೋಡುತ್ತದೆ, ಎರಡಡಿ ಹಿಂದೆ ಸರಿದು ತೋಡುವುದು ಅಪರೂಪ. ಹಾಗಾಗಿ ನೆಲ ಅಗೆದು ಜಾಲರಿ ಹೂಳುವ ಕಷ್ಟ ಬೇಕಿಲ್ಲ. ಗಾಳಿಗಿಂಡಿಗಳಿಗೂ ಸೇರಿ 75 ಅಡಿ ತಂದರೆ ಸಾಲುತ್ತದೆ.

ಸಾಮಿಲ್ಲಿಗೆ ಹೋಗುವಾಗ ಚೀಟಿಯಲ್ಲಿ ಇಷ್ಟಿರಲಿ: ಒರಟು 4×4 ಎಂಟಡಿಯವು ನಾಲ್ಕು, ಹತ್ತಡಿಯದು ಒಂದು, ಹೆಮ್ಲಾಕ್ ಅಥವಾ ಬಿಳಿ ಓಕ್, 1×10 ಬಿಳಿ ಪೈನ್ 170 ಬೋರ್ಡ್ ಫುಟ್, 1×3 ರೀಪು 170 ಅಡಿ. ಗೂಡಿಗೆ ಅಂಗಡಿಯಿಂದ ಎಂಟಡಿ 2×4 ಇಪ್ಪತ್ತೆರಡು, ಹತ್ತಡಿಯವು ನಾಲ್ಕು. ಅಂಗಳದ ಚೌಕಟ್ಟಿನ ಮರ ಬೇರೆ. ಆಮಿಶ್ ಮಾಲೀಕರ ಮಿಲ್ಲುಗಳು ಭಾನುವಾರ ತೆರೆಯುವುದಿಲ್ಲ. ಅನೇಕರ ಫೋನು ಮನೆಯೊಳಗಿರದೆ ಹೊರಗಿನ ಪುಟ್ಟ ಗುಡಿಸಲಿನಲ್ಲಿರುತ್ತದೆ, ಸಂದೇಶ ಬಿಟ್ಟರೆ ಮರುದಿನ ತಿರುಗಿ ಕರೆಯುತ್ತಾರೆ. ಕೆಲಸಗಾರರ ಫೋಟೋ ತೆಗೆಯಬೇಡಿ, ಅದು ಅವರ ನಂಬಿಕೆಗೆ ಒಗ್ಗದು. ಹಲಗೆ ಸೀಳಿ ಎಷ್ಟು ದಿನವಾಯಿತೆಂದು ಕೇಳಿ. ಹಸಿಯಿದ್ದರೆ ಮನೆಯಲ್ಲಿ ನೆರಳಿಗೆ, ಪದರಪದರಕ್ಕೆ ಒಂದಿಂಚಿನ ಚೂರುಮರ ಎರಡಡಿಗೊಂದು ಇಟ್ಟು ಪೇರಿಸಿ, ಮೇಲೆ ಮಾತ್ರ ತಗಡು ಮುಚ್ಚಿ. ಬೇಸಿಗೆಯಾದರೆ ಎರಡು ಮೂರು ತಿಂಗಳಿಗೆ ಹೊಡೆಯುವ ಹದಕ್ಕೆ ಬರುತ್ತದೆ.

ಗೂಡು ಮುಗಿದು ಕೋಳಿ ಬಂದ ಮೇಲೆ, ಮೊದಲ ಚಳಿಯ ಬೆಳಿಗ್ಗೆ ಬಾಗಿಲು ತೆರೆದ ತಕ್ಷಣ ಮಂಡಿಯೂರಿ ಅಡ್ಡೆಯ ಎತ್ತರಕ್ಕೆ ಮೂಗು ತಂದು ಉಸಿರೆಳೆಯಿರಿ. ಕಣ್ಣು ಚುರುಗುಟ್ಟಿದರೆ, ಕಿಟಕಿಯ ಒಳಮೈಯಲ್ಲಿ ಮಂಜು ಕಟ್ಟಿದ್ದರೆ, ಗಾಳಿಗಿಂಡಿ ಇನ್ನೂ ಒಂದು ಚದರ ಅಡಿ ದೊಡ್ಡದಾಗಬೇಕು.